ನನ್ನ ಗಾಡಿ ಎತ್ತರವಾದದ್ದು

ಯಾವ ವಾಹನ ಎದುರಿಗೆ ಬಂದು ನಿಂತರೂ ನಾನು ಮೊದಲು ನೋಡುವುದು ಅದರ ಮೆಟ್ಟಿಲನ್ನು. ಬೋರ್ಡು ಯಾವುದು, ಸೀಟು ಖಾಲಿ ಇದೆಯೋ ಇಲ್ಲವೋ, ಇವೆಲ್ಲ ಆಮೇಲಿನ ಮಾತು. ಬನಶಂಕರಿ ಬಸ್ ನಿಲ್ದಾಣದಲ್ಲಿ ಬಸ್ಸು ಬಂದಾಗ ಜನರೆಲ್ಲ ಕಿಟಕಿಯ ಕಡೆ ಕತ್ತು ಚಾಚಿದರೆ ನಾನು ನೆಲದ ಕಡೆ ಬಗ್ಗಿರುತ್ತೇನೆ. ಮೊನ್ನೆ ಪಕ್ಕದಲ್ಲಿದ್ದ ಹುಡುಗಿ, ಏನಾದರೂ ಬಿತ್ತೇ ಆಂಟಿ ಎಂದು ಕೇಳಿ ತಾನೂ ಬಗ್ಗಿ ಹುಡುಕತೊಡಗಿದಳು. ಬಿದ್ದಿಲ್ಲಮ್ಮ, ಮೆಟ್ಟಿಲು ಎಷ್ಟು ಎತ್ತರ ಇದೆ ಅಂತ ನೋಡುತ್ತಿದ್ದೆ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾಗಬೇಕಾಗಿದ್ದರೆ ಅವಳು ನನ್ನಷ್ಟೇ ಕುಳ್ಳಗಿರಬೇಕಾಗಿತ್ತು.

ಹೌದು, ನಾನು ಕುಳ್ಳಿ. ಮದುವೆಗೆ ಹೆಣ್ಣು ತೋರಿಸುವ ಕಾಲದಲ್ಲಿ ನಮ್ಮ ಸೋದರತ್ತೆ ಬಂದವರಿಗೆಲ್ಲ "ಹುಡುಗಿ ಸಾಧಾರಣಕ್ಕಿಂತ ಒಂಚೂರು ಕಮ್ಮಿ" ಎನ್ನುತ್ತಿದ್ದಳು. ಆ ಒಂಚೂರಿನಲ್ಲಿ ಅರ್ಧ ಅಡಿ ಅಡಗಿಕೊಂಡಿತ್ತು. ಅದೇ ಅತ್ತೆ ನಾನು ಚಿಕ್ಕವಳಿದ್ದಾಗ ಉತ್ತರಹಳ್ಳಿಯ ನಮ್ಮ ಹಿತ್ತಲಿನ ಸೀಬೆ ಮರಕ್ಕೆ ದಿನಾ ಬೆಳಿಗ್ಗೆ ನನ್ನನ್ನು ಜೋತುಬೀಳಿಸುತ್ತಿದ್ದಳು. ಜೋತುಬಿದ್ದರೆ ಮೂಳೆ ಉದ್ದವಾಗುತ್ತದಂತೆ. ನನ್ನ ಮೂಳೆ ಉದ್ದವಾಗಲಿಲ್ಲ, ಕೊಂಬೆ ಬಗ್ಗಿತು. ಮುಂದಿನ ವರ್ಷದಿಂದ ಆ ಕೊಂಬೆಯ ಹಣ್ಣು ನೆಲದ ಮೇಲೆ ನಿಂತೇ ನನ್ನ ಕೈಗೆ ಸಿಗತೊಡಗಿತು. ಅಷ್ಟರಮಟ್ಟಿಗೆ ಅತ್ತೆಯ ವೈದ್ಯ ಫಲಿಸಿತು ಎನ್ನಬೇಕು.

ಶಾಲೆಯಲ್ಲಿ ಪ್ರಾರ್ಥನೆಯ ಸಾಲಿಗೆ ನಾನೇ ಮೊದಲು. ತರಗತಿಯ ಫೋಟೋದಲ್ಲಿ ನೆಲದ ಮೇಲೆ ಕಾಲು ಮಡಚಿ ಕೂತು ಹಲಗೆ ಹಿಡಿದವಳು ನಾನೇ. ಏಳನೇ ತರಗತಿಯವರೆಗೂ ಶಾಲೆಯ ನಾಟಕದಲ್ಲಿ ಬಾಲಕೃಷ್ಣನ ಪಾತ್ರ ನನಗೇ ಮೀಸಲಾಗಿತ್ತು. ನನ್ನ ಯಶೋದೆಯಾಗಿದ್ದವಳು ನನಗಿಂತ ಎರಡು ವರ್ಷ ಚಿಕ್ಕವಳು. ಇದನ್ನೆಲ್ಲ ಈಗ ಹೇಳುವಾಗ ನಗು ಬರುತ್ತದೆ. ಆಗಲೂ ನಗುತ್ತಲೇ ಇದ್ದೆ. ಕುಳ್ಳಗಿರುವವರಿಗೆ ಬೇಗ ಬರುವ ವಿದ್ಯೆ ಅದೊಂದೇ. ಬೇರೆಯವರು ನಗುವ ಮೊದಲು ನಾವೇ ನಕ್ಕುಬಿಟ್ಟರೆ ಅವರಿಗೆ ಉಳಿಯುವುದು ಕಮ್ಮಿ.

ಆಗ ನಮ್ಮದು ಹೂವಿನ ಹೊಲ. ಸೇವಂತಿಗೆ, ಕನಕಾಂಬರ, ನಡುವೆ ಬದುವಿನ ಮೇಲೆ ಮರುಗ. ಅಪ್ಪ ಎತ್ತಿನ ಗಾಡಿಯಲ್ಲಿ ಹೂವಿನ ಮೂಟೆ ಹೇರಿಕೊಂಡು ಪೇಟೆಗೆ ಹೋಗುವಾಗ ಮೂಟೆಗಳ ನಡುವೆ ನನ್ನನ್ನೂ ಒಂದು ಮೂಟೆಯಂತೆ ಸಿಕ್ಕಿಸುತ್ತಿದ್ದ. ಬೆಳಗಿನ ಚಳಿಯಲ್ಲಿ ಹೂವಿನ ಮೂಟೆ ಒಳಗಿನಿಂದ ಬೆಚ್ಚಗಿರುತ್ತದೆ. ಕೈ ತೂರಿಸಿದರೆ ಒಲೆಯ ಬೂದಿಯಲ್ಲಿ ಕೈಯಿಟ್ಟ ಹಾಗೆ. ಈಗ ಆ ಹೊಲವಿದ್ದಲ್ಲಿ ನಾಲ್ಕಂತಸ್ತಿನ ಮನೆಗಳು. ಅಡ್ರೆಸ್ ಹೇಳುವಾಗ ಮೇನ್, ಕ್ರಾಸ್ ಎನ್ನುತ್ತೇವೆ. ನನಗೆ ಮನಸ್ಸಿನಲ್ಲಿ ಬರುವುದು ಮಾತ್ರ, ಇದು ಕನಕಾಂಬರದ ಪಾತಿ, ಇದು ಬಾವಿ ಕಡೆಯ ಬದು, ಎಂದೇ.

ಹೊಲದ ಮೊದಲ ತುಂಡು ಲೇಔಟಿಗೆ ಹೋದ ವರ್ಷ ಎರಡು ಸಂಗತಿಗಳು ನಡೆದವು. ಅಪ್ಪ ಒಂದು ಬಿಳೀ ಪಿಕಪ್ ಗಾಡಿ ತಂದ. ನಾನು ಗಂಡನ ಮನೆಯಿಂದ ವಾಪಸು ಬಂದೆ. ಗಂಡನ ಮನೆಯ ಕಥೆ ಇಲ್ಲಿ ಬೇಡ, ಅದಕ್ಕೆ ಬೇರೆಯೇ ಒಂದು ಮಧ್ಯಾಹ್ನ ಬೇಕು. ಬಂದವಳು ಹಿತ್ತಲಿನ ಕಲ್ಲಿನ ಮೇಲೆ ಕೂತು ದಿನವಿಡೀ ಅಳುತ್ತಿದ್ದೆ. ಮನೆಯವರೆಲ್ಲ ಒಬ್ಬೊಬ್ಬರಾಗಿ ಬಂದು ಸಮಾಧಾನ ಹೇಳಿ ಹೋದರು. ಉಳಿದವನು ಅಪ್ಪ. ಒಂದು ಸಂಜೆ ಬಂದು ಎದುರಿಗೆ ನಿಂತ.

"ಕೂತ್ಕೊಂಡು ಅಳೋ ಬದ್ಲು ಕೂತ್ಕೊಂಡು ಗಾಡಿ ಓಡ್ಸು ಬಾ, ಸರೋಜಾ," ಎಂದ.

ಸೀಟಿನ ಮೇಲೆ ಕೂತರೆ ನನ್ನ ಕಾಲು ಪೆಡಲಿಗೆ ಮುಟ್ಟುತ್ತಿರಲಿಲ್ಲ; ಮುಟ್ಟಿಸಲು ಜಾರಿದರೆ ರಸ್ತೆ ಕಾಣುತ್ತಿರಲಿಲ್ಲ. ನಾನು ನನ್ನ ವಿದ್ಯೆಯನ್ನು ಪ್ರಯೋಗಿಸಿ ನಕ್ಕು ಇಳಿಯಲು ಹೋದೆ. ಅಪ್ಪ ನಗಲಿಲ್ಲ. ಮರುದಿನ ಹಲಸಿನ ಮರದ ಮೂರು ತುಂಡುಗಳನ್ನು ತಾನೇ ಕೆತ್ತಿ, ತೂತು ಕೊರೆದು, ಮೂರು ಪೆಡಲಿಗೂ ಬೋಲ್ಟ್ ಹಾಕಿ ಬಿಗಿದ. ಬಾಗಿಲ ಕೆಳಗೆ ಒಂದು ಕಬ್ಬಿಣದ ಮೆಟ್ಟಿಲು ಬೆಸೆಸಿದ. ಅಮ್ಮ ಬೂರುಗದ ಹತ್ತಿ ತುಂಬಿ ಬೆನ್ನಿಗೊಂದು, ಕೆಳಗೊಂದು ದಿಂಬು ಹೊಲಿದಳು. ಇಷ್ಟೆಲ್ಲ ಯಾಕಪ್ಪ ಎಂದು ಕೇಳಿದ್ದಕ್ಕೆ ಅಪ್ಪ, ಗಾಡಿ ಕಬ್ಬಿಣದ್ದು, ಹೇಳಿದ ಹಾಗೆ ಕೇಳುತ್ತೆ, ನೀನು ಇನ್ನು ಬೆಳೆಯೋದಿಲ್ಲವಲ್ಲ ಎಂದು ಹೇಳಿ ಬೀಡಿ ಹಚ್ಚಿದ. ನನ್ನ ಎತ್ತರದ ಬಗ್ಗೆ ಯಾರಾದರೂ ಆಡಿದ ಮಾತುಗಳಲ್ಲಿ ನನಗೆ ನೋವಾಗದೆ ಇದ್ದದ್ದು ಅದೊಂದೇ.

ಲೇಔಟಿಗೆ ಆಗ ರಸ್ತೆ ಹಾಕಿದ್ದರು, ಮನೆಗಳು ಬಂದಿರಲಿಲ್ಲ. ಸೇವಂತಿಗೆ ಸಾಲುಗಳಿದ್ದ ಜಾಗದಲ್ಲೇ ನಾನು ರಿವರ್ಸ್ ಹಾಕುವುದನ್ನು ಕಲಿತೆ. ನನ್ನ ತಮ್ಮ ಮಂಜು ಆಗ ಹೈಸ್ಕೂಲಿನವನು, ಪಕ್ಕದ ಸೀಟಿನಲ್ಲಿ ಕೂತು ಹಾರನ್ ಒತ್ತುವ ಕೆಲಸ ಅವನದು. ಅವನು ಹುಟ್ಟಿದಾಗ ನಾನು ಲಂಗ ದಾವಣಿಯ ಹುಡುಗಿ. ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ನಾನೇ. ಅವನು ಬೇಗ ಬೇಗ ಬೆಳೆದ. ನಾಲ್ಕೈದು ವರ್ಷಕ್ಕೇ ನನ್ನ ಸೊಂಟದ ಮೇಲಿದ್ದವನ ಕಾಲು ನನ್ನ ಮೊಣಕಾಲಿನ ಕೆಳಗೆ ನೇತಾಡುತ್ತಿತ್ತು. ಯಾರು ಯಾರನ್ನು ಎತ್ತಿಕೊಂಡಿದ್ದಾರೆ ಎಂದು ಓಣಿಯವರು ಕೇಳುತ್ತಿದ್ದರು. ಈಗ ಅವನು ಆರಡಿಯ ಆಳು, ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುತ್ತಾನೆ.

ಮೊದಲು ಹೂವು, ಹೂವಿನ ಹೊಲ ಮುಗಿದ ಮೇಲೆ ಗಿಡ. ಉಳಿದಿದ್ದ ಒಂದು ತುಂಡು ಜಾಗದಲ್ಲಿ ಅಪ್ಪ ನನಗೆ ನರ್ಸರಿ ಹಾಕಿಕೊಟ್ಟ. ಜಯನಗರ, ಜೆ.ಪಿ. ನಗರದ ಮನೆಗಳಿಗೆ ಕುಂಡ, ಮಣ್ಣು, ಗೊಬ್ಬರ, ಗಿಡ, ಎಲ್ಲವನ್ನೂ ಹೇರಿಕೊಂಡು ನಾನೇ ಗಾಡಿ ಓಡಿಸಿಕೊಂಡು ಹೋಗುತ್ತಿದ್ದೆ. ಸೀರೆಯ ಮೇಲೆ ಅಪ್ಪನ ಹಳೇ ಅಂಗಿ, ತಲೆಗೆ ಟವೆಲ್ಲು. ಹೊರಗಿನಿಂದ ನೋಡುವವರಿಗೆ ಸ್ಟೇರಿಂಗಿನ ಮೇಲೆ ಆ ಟವೆಲ್ಲು ಮಾತ್ರ ಕಾಣುತ್ತಿತ್ತಂತೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲಿನವರು ಗಾಡಿಯನ್ನು ಒಂದು ಸುತ್ತು ಹಾಕಿ, ಡ್ರೈವರ್ ಎಲ್ಲಿ ಎಂದು ನನ್ನನ್ನೇ ಕೇಳುತ್ತಿದ್ದರು. ಒಮ್ಮೆ ಟ್ರಾಫಿಕ್ಕಿನವರೊಬ್ಬರು ಮಗು ಗಾಡಿ ಓಡಿಸುತ್ತಿದೆ ಎಂದುಕೊಂಡು ಸೀಟಿ ಊದಿ ನಿಲ್ಲಿಸಿದರು. ಬಳಿಗೆ ಬಂದು ನನ್ನ ನರೆಗೂದಲು ನೋಡಿ ಸುಮ್ಮನೆ ಸಲ್ಯೂಟ್ ಹೊಡೆದು ಹೋದರು. ಇಂಥ ಕಥೆಗಳನ್ನು ಹೇಳಿಕೊಂಡು ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಸುಖವಾಗಿದ್ದೆ. ಇಡೀ ಬೆಂಗಳೂರಿನಲ್ಲಿ ನನ್ನ ಅಳತೆಗೆ ಹೊಲಿದ ವಸ್ತು ಎಂದರೆ ನನ್ನ ರವಿಕೆಗಳು ಮತ್ತು ಆ ಗಾಡಿ.

ಅಪ್ಪ ಹೋದ. ಅವನ ಹಿಂದೆಯೇ ಅಮ್ಮನೂ. ಹೊಲದ ದುಡ್ಡಿನಲ್ಲಿ ಕಟ್ಟಿಸಿದ ಬಾಡಿಗೆ ಮನೆಗಳು, ಅಂಗಡಿಗಳು, ಗಾಡಿ, ಎಲ್ಲ ಮಂಜುವಿನ ಹೆಸರಿಗೆ ಬಂದವು. ಹಿಂಭಾಗದ ಒಂದು ಪೋರ್ಷನ್ನು, ಗಿಡದ ಜಾಗ, ಗಾಡಿ, ಇವನ್ನು ನೀನು ನೋಡ್ಕೊಂಡಿರಮ್ಮ ಎಂದು ನೆಂಟರೆಲ್ಲ ಸೇರಿ ನನಗೆ ಹೇಳಿದರು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಕೊಡುವ ಆಸ್ತಿಯ ಹೆಸರೇ 'ನೋಡ್ಕೊಂಡಿರು'. ನೋಡುವುದಕ್ಕೆ ಯಾರೂ ತಕರಾರು ಮಾಡುವುದಿಲ್ಲ.

ಮಂಜು ಕೆಟ್ಟವನಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಮುಂದೆ ಓದುವಾಗ ಅವನ ಮೇಲೆ ಹಲ್ಲು ಕಡಿಯುತ್ತೀರಿ. ಹಬ್ಬಕ್ಕೆ ಸೀರೆ ತರುತ್ತಾನೆ, ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುತ್ತಾನೆ. ಬಾಡಿಗೆ ಬರುತ್ತದೆ, ಹೊತ್ತು ಹೋಗುವುದಿಲ್ಲ, ಅಷ್ಟೇ ಅವನ ಕಷ್ಟ. ಎರಡು ವರ್ಷದ ಹಿಂದೆ ಅವನಿಗೆ ಹೊಸ ಸ್ನೇಹಿತರ ಗುಂಪೊಂದು ಸಿಕ್ಕಿತು. ಭಾನುವಾರ ಬಂತೆಂದರೆ ದೊಡ್ಡ ದೊಡ್ಡ ಚಕ್ರದ ಜೀಪುಗಳಲ್ಲಿ ರಸ್ತೆಯಿಲ್ಲದ ಕಡೆ ಹುಡುಕಿಕೊಂಡು ಹೋಗುವವರು. ರಸ್ತೆ ಹಾಕಿಸಿಕೊಳ್ಳಲು ನಮ್ಮಪ್ಪ ಎಷ್ಟು ಜನರ ಬಾಗಿಲು ತಟ್ಟಿದ್ದ ಎಂದು ಮಂಜುವಿಗೆ ನೆನಪಿಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದಿತ್ತು. ಗಿಡದ ವ್ಯಾಪಾರಕ್ಕೆ ಅದೇ ಸುಗ್ಗಿ. ಮಂಜು ಬಂದು, ಗಾಡಿಯ ಬ್ರೇಕು ಶಬ್ದ ಮಾಡುತ್ತಿದೆ, ಸರ್ವೀಸ್ ಮಾಡಿಸಿಕೊಂಡು ಬರುತ್ತೇನೆ ಎಂದು ಕೀಲಿ ತೆಗೆದುಕೊಂಡು ಹೋದ. ನನಗೆ ಖುಷಿಯೇ ಆಯಿತು. ತಾನಾಗಿ ಕೇಳಿಕೊಂಡು ಬಂದನಲ್ಲ. ಎರಡು ದಿನ ಎಂದವನು ಎರಡು ವಾರ ಮಾಡಿದ. ಕೇಳಿದಾಗಲೆಲ್ಲ, ಸ್ವಲ್ಪ ತಡಿ ಅಕ್ಕ, ಸರ್‌ಪ್ರೈಸ್ ಇದೆ ಎನ್ನುತ್ತಿದ್ದ.

ಬಂದ ದಿನ ಗಾಡಿಗಿಂತ ಮೊದಲು ಅದರ ಸದ್ದು ಬಂತು. ಕುಂಡಗಳಿಗೆ ಮಣ್ಣು ತುಂಬುತ್ತಿದ್ದ ನಾನು ತಲೆಯೆತ್ತಿದೆ. ಬಿಳೀ ಗಾಡಿ ನಮ್ಮದೇ, ನಂಬರೂ ನಮ್ಮದೇ, ಆದರೆ ಅದು ಕಂಬದ ಮೇಲೆ ನಿಂತ ಹಾಗಿತ್ತು. ಕೆಳಗೆ ಕರೀ ಚಕ್ರಗಳು, ಒಂದೊಂದೂ ನಮ್ಮ ಹಳೇ ಬೀಸುವ ಕಲ್ಲನ್ನು ನಾಲ್ಕು ಸೇರಿಸಿದಷ್ಟು ದಪ್ಪ. ಚಕ್ರಕ್ಕೆ ಜಾಗ ಸಾಲದೆಂದು ಮುಂದಿನ ತಗಡನ್ನು ಕತ್ತರಿಸಿದ್ದರು. ಮಂಜು ಬಾಗಿಲು ತೆಗೆದು ನೆಲಕ್ಕೆ ಹಾರಿದ. ಅವನಿಗೆ ಹಾರಿದ್ದೂ ಗೊತ್ತಾಗಲಿಲ್ಲ.

"ಹೆಂಗಿದೆ ಅಕ್ಕ ನಿನ್ ಗಾಡಿ?" ಎಂದ.

ಆಮೇಲೆ ಅವನು ಗಾಡಿಯ ಸುತ್ತ ನನ್ನನ್ನು ನಡೆಸಿ ವಿವರಿಸಿದ. ಸಸ್ಪೆನ್ಷನ್ ಲಿಫ್ಟ್ ಅಂತೆ, ಗಾಡಿಯ ಮೈಯನ್ನೇ ಮೇಲಕ್ಕೆ ಎತ್ತುವುದು. ಹಿಂದಿನ ಸ್ಪ್ರಿಂಗ್ ಪಟ್ಟಿಗಳನ್ನು ತೆಗೆದು ಹೊಸವು, ಮುಂದೆ ಹೊಸ ಸ್ಪ್ರಿಂಗು, ಅದರಿಂದ ನಾಲ್ಕು ಇಂಚು, ಟೈರಿನಿಂದ ಇನ್ನೆರಡು. ಈಗ ಕಲ್ಲು, ಹಳ್ಳ, ನೀರು, ಯಾವುದಕ್ಕೂ ಹೆದರಬೇಕಾಗಿಲ್ಲ. ನಾನು ಕಲ್ಲು, ಹಳ್ಳ, ನೀರಿಗೆ ಹೆದರಿದವಳೇ ಅಲ್ಲ. ನಾನು ಹೋಗುತ್ತಿದ್ದದ್ದು ಜಯನಗರಕ್ಕೆ. ಅವನು ಹೇಳುತ್ತಿದ್ದಾಗ ನನ್ನ ಕಣ್ಣು ಬಾಗಿಲ ಕೆಳಗೆ ಹುಡುಕುತ್ತಿತ್ತು. ಅಪ್ಪ ಬೆಸೆಸಿದ ಮೆಟ್ಟಿಲು ಇರಲಿಲ್ಲ. ಅದು ಕೆಳಗೆ ಕಲ್ಲಿಗೆ ತಗಲುತ್ತದೆ ಎಂದು ಕತ್ತರಿಸಿದ್ದರಂತೆ. ತೆರೆದ ಬಾಗಿಲಿನೊಳಗೆ ನನ್ನ ಕಣ್ಣಿನ ಮಟ್ಟಕ್ಕೇ ಪೆಡಲುಗಳು ಕಂಡವು. ಬರೀ ಕಬ್ಬಿಣ.

ಮರದ ತುಂಡುಗಳೆಲ್ಲಿ ಎಂದು ಕೇಳಿದೆ.

"ಅಯ್ಯೋ ಅದಾ? ಗ್ಯಾರೇಜ್‌ನಲ್ಲಿ ಎಲ್ರೂ ನಗ್ತಿದ್ರು ಅಕ್ಕ. ತೆಗ್ದು ಬಿಸಾಕ್ಬಿಟ್ರು," ಎಂದ ಮಂಜು. ಹೇಳುವಾಗ ಅವನೂ ಸ್ವಲ್ಪ ನಕ್ಕ.

ನನ್ನ ಜೊತೆ ಕೆಲಸಕ್ಕಿದ್ದವಳು ರೇಣವ್ವ. ಬಾಗಲಕೋಟೆ ಕಡೆಯವಳು, ಗಂಡನ ಜೊತೆ ಬಿ.ಟಿ.ಎಂ.ನಲ್ಲಿ ಬಾಡಿಗೆ ಕೋಣೆಯಲ್ಲಿದ್ದು ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಅವಳು ಕೈಯ ಮಣ್ಣು ಒದರಿಕೊಂಡು ಬಂದು ಗಾಡಿಯನ್ನು ಮೇಲಿಂದ ಕೆಳಗೆ ನೋಡಿ, "ಅಕ್ಕಾರ, ಇದನ್ನ ಏರಾಕ ನಿಚ್ಚಣಿಕಿ ಬೇಕಲ್ರೀ," ಎಂದಳು. ಮಂಜು ಅದನ್ನು ಹೊಗಳಿಕೆ ಎಂದುಕೊಂಡು, "ಸಖತ್ ಅಲ್ವಾ?" ಎಂದ. ಅಷ್ಟು ಹೊತ್ತಿಗೆ ರಸ್ತೆಯ ಜನ ಸೇರಿದ್ದರು. ಎಲ್ಲರೂ ಚಕ್ರ ಮುಟ್ಟಿ ಮುಟ್ಟಿ ನೋಡಿದರು, ಫೋಟೋ ತೆಗೆಸಿಕೊಂಡರು. ಇಂಥ ತಮ್ಮನನ್ನು ಪಡೆದದ್ದಕ್ಕೆ ಎದುರು ಮನೆಯಾಕೆ ನನ್ನನ್ನು ಅಭಿನಂದಿಸಿದರು. ನಾನು ನಕ್ಕೆ. ಹೇಳಿದೆನಲ್ಲ, ನನಗೆ ಆ ವಿದ್ಯೆ ಚಿಕ್ಕಂದಿನಿಂದಲೇ ಗೊತ್ತು.

ಮರುದಿನ ಹತ್ತಲು ನೋಡಿದೆ. ಎಡಗಾಲನ್ನು ಎದೆಯವರೆಗೆ ಎತ್ತಬೇಕು, ಅದು ನನ್ನ ವಯಸ್ಸಿನಲ್ಲಿ ಆಗುವ ಮಾತಲ್ಲ. ಕೊನೆಗೆ ಸಿಮೆಂಟಿನ ದೊಡ್ಡ ಕುಂಡವೊಂದನ್ನು ಬೋರಲು ಹಾಕಿ, ಅದರ ಮೇಲೆ ನಿಂತು, ರೇಣವ್ವ ಹಿಂದಿನಿಂದ ನೂಕಿದ ಮೇಲೆ ಮೂಟೆಯಂತೆ ಒಳಗೆ ಬಿದ್ದೆ. ಕುಂಡ ಹೇರುವುದು ಇನ್ನೊಂದು ಫಜೀತಿ. ಮೊದಲು ನನ್ನ ಸೊಂಟದ ಮಟ್ಟಕ್ಕಿದ್ದ ಗಾಡಿಯ ತಳ ಈಗ ಎದೆಗೆ ಬಂದಿತ್ತು. ಮಣ್ಣು ತುಂಬಿದ ಕುಂಡವನ್ನು ಎದೆಯ ಮಟ್ಟಕ್ಕೆ ಎತ್ತಿ ತಳ್ಳುವಾಗ ರೇಣವ್ವನ ಕತ್ತಿನ ನರ ಉಬ್ಬುತ್ತಿತ್ತು.

ಆದರೂ ಓಡಿಸಿದೆ. ಜಯನಗರದ ಒಬ್ಬ ಅಜ್ಜಿಗೆ ಪಾರಿಜಾತದ ಗಿಡ ಕೊಡುವುದಿತ್ತು. ಮಳೆಗಾಲ ಶುರುವಾದಾಗಿನಿಂದ ದಿನಾ ಫೋನ್ ಮಾಡುತ್ತಿದ್ದರು. ಬೆನ್ನಿಗೆ ಇನ್ನೊಂದು ದಿಂಬು ಸೇರಿಸಿ ಮುಂದಕ್ಕೆ ಕೂತೆ. ಪೆಡಲಿಗೆ ಹೆಬ್ಬೆರಳು ಮುಟ್ಟುತ್ತಿತ್ತು, ಪಾದ ಮುಟ್ಟುತ್ತಿರಲಿಲ್ಲ. ಗಾಡಿ ತಿರುವಿನಲ್ಲಿ ಒಂದು ಕಡೆಗೆ ವಾಲುತ್ತಿತ್ತು, ಸ್ಟೇರಿಂಗು ಭಾರ. ನಿಧಾನ ಹೋಗುತ್ತಿದ್ದೇನೆ ಎಂದು ಮೀಟರು ಹೇಳುತ್ತಿತ್ತು, ಪಕ್ಕದ ಆಟೋಗಳು ಹಿಂದೆ ಬೀಳುತ್ತಿದ್ದವು. ಚಕ್ರ ದೊಡ್ಡದಾದರೆ ಮೀಟರು ಸುಳ್ಳು ಹೇಳುತ್ತದೆ ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಯಡಿಯೂರು ಕೆರೆಯ ಹತ್ತಿರ ಸಿಗ್ನಲ್ಲಿಗೆ ಮೊದಲು ಜನ ದಾಟುತ್ತಿದ್ದರು, ನಿಂತೆ. ಅವರೆಲ್ಲ ದಾಟಿದರು. ಮುಂದೆ ನನಗೆ ಕಂಡದ್ದು ಬಾನೆಟ್ಟು, ಅದರಾಚೆ ಖಾಲಿ ರಸ್ತೆ. ಗಾಡಿ ಮುಂದೆ ಬಿಟ್ಟೆ. ಪಕ್ಕದ ಸೀಟಿನಲ್ಲಿದ್ದ ರೇಣವ್ವ ತಟ್ಟನೆ ನನ್ನ ಕೈ ಹಿಡಿದಳು. ಬ್ರೇಕು ಒತ್ತಿದೆ, ಬೆರಳು ಜಾರಿ, ಎರಡನೇ ಸಲ ಒತ್ತಿದಾಗ ಗಾಡಿ ನಿಂತಿತು. ಕೆಳಗೆ ಏನೋ ಮುರಿದ ಸದ್ದು.

ಬಾನೆಟ್ಟಿನ ಕೆಳಗಿನಿಂದ ಒಬ್ಬ ಹೆಂಗಸು ಎದ್ದು ನಿಂತಳು. ಸೊಪ್ಪು ಮಾರುವವಳು. ದಾಟುವಾಗ ಜಾರಿದ ಕಟ್ಟುಗಳನ್ನು ಬಗ್ಗಿ ಆಯ್ದುಕೊಳ್ಳುತ್ತಿದ್ದಳಂತೆ. ಅವಳ ಬುಟ್ಟಿ ಚಕ್ರದ ಅಡಿಯಲ್ಲಿತ್ತು. ಅವಳಿಗೆ ಏನೂ ಆಗಿರಲಿಲ್ಲ. ಆದರೆ ಅವಳ ಕಾಲಿಗೂ ಆ ಚಕ್ರಕ್ಕೂ ನಡುವೆ ಇದ್ದದ್ದು ಒಂದು ಕಟ್ಟು ಮೆಂತ್ಯದ ಸೊಪ್ಪು. ಅವಳು ಬೈಯಲಿಲ್ಲ. ಕೈಯನ್ನು ಹಣೆಗೆ ಅಡ್ಡ ಹಿಡಿದು, ಮೇಲೆ ನೋಡಿ ಕೇಳಿದಳು.

"ಯಾರಮ್ಮ ಓಡಿಸ್ತಿರೋದು? ಒಳಗೆ ಯಾರೂ ಕಾಣಿಸ್ತಾನೇ ಇಲ್ವಲ್ಲ."

ಇಷ್ಟು ವರ್ಷ ನಾನು ನಗುತ್ತ ಹೇಳಿಕೊಂಡು ಬಂದ ಮಾತು ಅದು. ಆ ದಿನ ಅದನ್ನು ಕೇಳಿ ನನಗೆ ನಗು ಬರಲಿಲ್ಲ. ಇಳಿಯಬೇಕು, ಅವಳ ಕೈ ಹಿಡಿಯಬೇಕು, ಆದರೆ ಇಳಿಯುವುದು ಹೇಗೆ? ಗಾಡಿಗೆ ಬೆನ್ನು ಮಾಡಿ ಹಾರಲು ಧೈರ್ಯ ಬರಲಿಲ್ಲ. ಸೀಟಿಗೆ ಹೊಟ್ಟೆ ಹಚ್ಚಿ ಮಲಗಿ, ಕಾಲನ್ನು ಗಾಳಿಯಲ್ಲಿ ಬಿಟ್ಟು, ನೆಲ ಎಲ್ಲಿದೆ ಎಂದು ತಡಕುತ್ತ ಜಾರಿದೆ. ಸೀರೆ ಮೊಣಕಾಲಿನವರೆಗೆ ಮೇಲೆ ಹೋಗಿತ್ತು. ಕೆರೆಯ ಸುತ್ತ ವಾಕಿಂಗ್ ಮಾಡುವವರು ನಿಂತು ನೋಡುತ್ತಿದ್ದರು. ಹಿಂದಿನ ವಾಹನಗಳೆಲ್ಲ ಹಾರನ್ ಹಾಕುತ್ತಿದ್ದವು. ರೇಣವ್ವ ಓಡಿ ಬಂದು ನನ್ನ ಕಾಲು ಹಿಡಿದು ನೆಲ ಮುಟ್ಟಿಸಿದಳು.

ಗಾಡಿಯನ್ನು ಯಾರೋ ಪಕ್ಕಕ್ಕೆ ಹಾಕಿಕೊಟ್ಟರು. ಸೊಪ್ಪಿನವಳಿಗೆ ಆದ ನಷ್ಟ ತುಂಬಿಕೊಟ್ಟು, ಪಾರಿಜಾತದ ಗಿಡವನ್ನು ಆಟೋದಲ್ಲಿ ರೇಣವ್ವನ ಜೊತೆ ಕಳಿಸಿ, ಕೆರೆಯ ಕಟ್ಟೆಯ ಮೇಲೆ ಕೂತು ಮಂಜುವಿಗೆ ಫೋನ್ ಮಾಡಿದೆ. ಅವನು ಬೈಕಿನಲ್ಲಿ ಬಂದ. ಮೊದಲು ನನ್ನನ್ನು ನೋಡಿ, ಪೆಟ್ಟಾಯಿತಾ ಎಂದು ಕೇಳಿದ. ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಆಮೇಲೆ ಬಗ್ಗಿ ಗಾಡಿಯ ಬಂಪರು ನೋಡಿದ.

ಗಾಡಿ ಮನೆಗೆ ಬಂದ ಹೊತ್ತಿನಿಂದ ನುಂಗಿಕೊಂಡಿದ್ದನ್ನು ಅಲ್ಲಿ ಹೇಳಿದೆ. ಜೋರಾಗಿ ಅಲ್ಲ.

"ಮಂಜು, ಗಾಡಿ ಎತ್ತರ ಮಾಡೋಕೆ ಮುಂಚೆ ಒಂದ್ಸಲ ನನ್ ಕಡೆ ನೋಡಿದ್ರೆ ಸಾಕಾಗಿತ್ತು. ನಾನೆಷ್ಟು ಉದ್ದ ಇದೀನಿ ಅಂತ."

ಅವನು ನನ್ನನ್ನು ನೋಡಿದ. ನಿಜವಾಗಿಯೂ ಆಗಲೇ ಮೊದಲ ಸಲ ನೋಡುತ್ತಿರುವವನ ಹಾಗೆ ನೋಡಿದ. ಅವನ ಮುಖ ಬಾಡಿತು.

"ಅದು ಹೊಳೀಲೇ ಇಲ್ಲ ಅಕ್ಕ," ಎಂದ.

ಆ ಮಾತನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೋ. ಬೇಕೆಂದೇ ಮಾಡಿದೆ ಎಂದಿದ್ದರೆ ಜಗಳವಾಡಬಹುದಿತ್ತು. ಗಾಡಿ ನನ್ನ ಹೆಸರಲ್ಲಿದೆ, ನನ್ನಿಷ್ಟ ಎಂದಿದ್ದರೆ ನೆಂಟರನ್ನು ಕೂಡಿಸಿ ನ್ಯಾಯ ಕೇಳಬಹುದಿತ್ತು. ದ್ವೇಷಕ್ಕಾದರೂ ಒಬ್ಬರು ಎದುರಿಗೆ ಇದ್ದಾರೆ ಎಂಬ ಲೆಕ್ಕ ಇರುತ್ತದೆ. ಹೊಳೆಯಲಿಲ್ಲ ಎಂದರೆ ಏನು ಮಾಡುತ್ತೀರಿ? ಇಪ್ಪತ್ತು ವರ್ಷ ಆ ಸೀಟಿನಲ್ಲಿ ನಾನು ಕೂತಿದ್ದೆ, ಅವನು ಪಕ್ಕದಲ್ಲಿ ಕೂತು ಹಾರನ್ ಒತ್ತಿದ್ದ. ಗಾಡಿಯ ಬಗ್ಗೆ ಯೋಚಿಸಿದಾಗ ಅವನಿಗೆ ಸೀಟು ಖಾಲಿ ಕಂಡಿತ್ತು.

ಮರುದಿನ ಅವನು ಒಂದು ಪ್ಲಾಸ್ಟಿಕ್ ಸ್ಟೂಲು ತಂದುಕೊಟ್ಟ. ಕೆಂಪು ಬಣ್ಣದ್ದು, ಗಟ್ಟಿಯದೇ. ಅದರ ಮೇಲೆ ನಿಂತು ಹತ್ತಬಹುದಿತ್ತು. ಹತ್ತಿದ ಮೇಲೆ ಸ್ಟೂಲು ರಸ್ತೆಯಲ್ಲೇ ಉಳಿಯುತ್ತಿತ್ತು. ಅದನ್ನು ಎತ್ತಿಕೊಳ್ಳಲು ಇಳಿಯಬೇಕು, ಇಳಿದರೆ ಹತ್ತಲು ಸ್ಟೂಲು ಬೇಕು. ಇದನ್ನು ಮಂಜುವಿಗೆ ವಿವರಿಸಿದಾಗ ಇಬ್ಬರೂ ನಕ್ಕೆವು. ಹಳೆಯ ಹಾಗೆ ಮಾಡಿಸು, ಮೆಟ್ಟಿಲು, ಮರದ ತುಂಡುಗಳನ್ನಾದರೂ ಹಾಕಿಸು ಎಂದೂ ಕೇಳಿದೆ. ಹಳೇ ಪಟ್ಟಿಗಳನ್ನು ಗ್ಯಾರೇಜಿನವರು ಗುಜರಿಗೆ ಹಾಕಿಯಾಗಿತ್ತಂತೆ, ಹೊಸದು ಸಿಗುವುದು ಕಷ್ಟವಂತೆ. ನೋಡ್ತೀನಿ ಅಕ್ಕ ಎಂದ. ಆಮೇಲೆ, ಈಗೆಲ್ಲ ಫೋನಿನಲ್ಲಿ ಬುಕ್ ಮಾಡಿದರೆ ಗೂಡ್ಸ್ ಗಾಡಿ ಮನೆ ಮುಂದೆ ಬಂದು ನಿಲ್ಲುತ್ತೆ, ಈ ವಯಸ್ಸಲ್ಲಿ ನಿನಗ್ಯಾಕೆ ಡ್ರೈವಿಂಗ್ ಕಷ್ಟ ಎಂದು ಪ್ರೀತಿಯಿಂದಲೇ ಹೇಳಿದ.

ಬುಕ್ ಮಾಡಿದೆ. ಬರುವವರು ದಿನಕ್ಕೊಬ್ಬರು. ಗಿಡವನ್ನು ಕತ್ತು ಹಿಡಿದು ಎತ್ತುವವರು, ಕುಂಡವನ್ನು ಇಟ್ಟಿಗೆಯಂತೆ ಒಂದರ ಮೇಲೊಂದು ಪೇರಿಸುವವರು. ಮಲ್ಲಿಗೆಯ ಬಳ್ಳಿ ಮುರಿದು ತಲುಪಿತು, ಗುಲಾಬಿಯ ಬೇರು ಮಣ್ಣು ಬಿಟ್ಟು ತಲುಪಿತು. ಗಿರಾಕಿಗಳು ಒಂದು ಸಲ ಸುಮ್ಮನಿದ್ದರು, ಎರಡನೇ ಸಲ ಗೊಣಗಿದರು, ಮೂರನೇ ಸಲ ಫೋನ್ ಮಾಡಲಿಲ್ಲ. ನಾನು ಹೋಗಿ ಗಿಡ ಇಳಿಸಿ, ಎಲ್ಲಿಡಬೇಕು, ಎಷ್ಟು ನೀರು ಎಂದು ಹೇಳಿ, ಕಾಫಿ ಕುಡಿದು, ಅವರ ಸೊಸೆಯ ಬಸಿರಿನ ಸಮಾಚಾರ ಕೇಳಿಕೊಂಡು ಬರುತ್ತಿದ್ದೆನಲ್ಲ, ನನ್ನ ವ್ಯಾಪಾರ ಇದ್ದದ್ದು ಅದರಲ್ಲಿ ಎಂದು ನನಗೂ ಆಗಲೇ ಹೊಳೆದದ್ದು. ದಸರೆಯ ಹೊತ್ತಿಗೆ ರೇಣವ್ವ ಬಿ.ಟಿ.ಎಂ.ನಲ್ಲೇ ಒಂದು ಹಾಸ್ಟೆಲಿನ ಅಡುಗೆಮನೆಗೆ ಸೇರಿದಳು. ಹೋಗುವಾಗ ಒಂದು ಕರಿಬೇವಿನ ಸಸಿ ಕೇಳಿದಳು, ಕೊಟ್ಟೆ. ಕೋಣೆಯಲ್ಲಿ ಬಿಸಿಲೇ ಬರೂದಿಲ್ಲ ಅಕ್ಕಾರ, ಆದ್ರೂ ಇರಲಿ ಎಂದಳು.

ಗಿಡ ಹೇಗೂ ಕಮ್ಮಿಯಾಯಿತಲ್ಲ ಎಂದು ಸಂಕ್ರಾಂತಿಯ ಮೇಲೆ ಮಂಜು ನರ್ಸರಿಯ ಜಾಗವನ್ನು ಕಾರು ತೊಳೆಯುವವರಿಗೆ ಬಾಡಿಗೆಗೆ ಕೊಟ್ಟ. ನನ್ನನ್ನು ಕೇಳಿಯೇ ಕೊಟ್ಟ. ಬೇಡ ಎನ್ನಲು ನನ್ನ ಬಳಿ ಕಾರಣವಿರಲಿಲ್ಲ. ಇದ್ದ ಕಾರಣವನ್ನು ಅವನು ಆರು ಇಂಚು ಮೇಲಕ್ಕೆ ಏರಿಸಿಟ್ಟಿದ್ದ.

ಇನ್ನು ಆ ಗಾಡಿ. ಮಂಜು ಅದನ್ನು ಭಾನುವಾರದ ಗುಂಪಿನೊಂದಿಗೆ ಕನಕಪುರ ರಸ್ತೆಯ ಕಡೆ ಒಂದೆರಡು ಸಲ ತೆಗೆದುಕೊಂಡು ಹೋದ. ಎರಡನೇ ಸಲ ಒಂದು ಕೆರೆಯ ಅಂಗಳದಲ್ಲಿ ಅದು ಹೊಟ್ಟೆಯವರೆಗೆ ಹೂತುಕೊಂಡಿತು. ಊರಿನವರೊಬ್ಬರು ಟ್ರಾಕ್ಟರ್ ತಂದು ಎಳೆದರಂತೆ. ಹಳೇ ಗಾಡಿ, ಎಷ್ಟು ಎತ್ತರ ಮಾಡಿದರೂ ಇಂಜಿನ್ನು ಹಳೆಯದೇ ಎಂದು ಸ್ನೇಹಿತರು ತೀರ್ಮಾನಿಸಿದರು. ಮಂಜುವಿಗೆ ಬೆನ್ನು ನೋವೂ ಬಂತು. ಅಲ್ಲಿಗೆ ಆ ಹುಚ್ಚು ಇಳಿಯಿತು. ಗಾಡಿ ಮನೆಯೆದುರಿನ ಹೊಂಗೆ ಮರದ ಕೆಳಗೆ ನಿಂತಿತು. ಎಲೆ ಉದುರಿ ಬಾನೆಟ್ಟು ತುಂಬಿತು, ಚಕ್ರದ ನೆರಳಿನಲ್ಲಿ ಬೀದಿ ನಾಯಿಗಳು ಮಲಗತೊಡಗಿದವು. ಇಡೀ ರಸ್ತೆಯಲ್ಲಿ ಆ ಗಾಡಿಯಿಂದ ಉಪಯೋಗವಾದದ್ದು ಅವಕ್ಕೆ ಮಾತ್ರ.

ಮಾರುವುದೆಂದು ತೀರ್ಮಾನವಾಗಿ, ಕಳೆದ ತಿಂಗಳು ಒಬ್ಬರು ನೋಡಲು ಬಂದರು. ಹುಬ್ಬಳ್ಳಿ ಕಡೆಯ ಹುಡುಗ, ಬಿ.ಟಿ.ಎಂ.ನಲ್ಲಿದ್ದು ಯಾವುದೋ ಆಫೀಸಿನಲ್ಲಿ ಕೆಲಸ. ಜೊತೆಗೆ ಹೆಂಡತಿ, ಹೊಸದಾಗಿ ಮದುವೆಯಾದವಳಿರಬೇಕು, ಕೈತುಂಬ ಹಸಿರು ಬಳೆ. ನಾನು ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದೆ. ಹುಡುಗನಿಗೆ ಗಾಡಿ ಬಹಳ ಹಿಡಿಸಿತು. ಕೆಳಗೆ ಮಲಗಿ ನೋಡಿದ, ಇಂಜಿನ್ ಸ್ಟಾರ್ಟ್ ಮಾಡಿಸಿ ಕಿವಿಗೊಟ್ಟ, ಒಂದು ಸುತ್ತು ಓಡಿಸಿಕೊಂಡು ಬಂದ. ಇಂಥದ್ದನ್ನೇ ಹುಡುಕುತ್ತಿದ್ದೆ ಎಂದ. ಮಂಜುವಿನ ಮುಖ ಅರಳಿತು. ಮಾತು ಮುಗಿಯಿತು ಎನ್ನುವಷ್ಟರಲ್ಲಿ ಆ ಹುಡುಗ ಹೆಂಡತಿಯ ಕಡೆ ತಿರುಗಿ, ನೀನೊಮ್ಮೆ ಏರಿ ಕೂತು ನೋಡು ಎಂದ.

ಆ ಹುಡುಗಿಯೂ ಕುಳ್ಳಿಯೇ. ನನಗಿಂತ ಸ್ವಲ್ಪ ಎತ್ತರ ಇರಬಹುದು. ಅವಳು ಬಾಗಿಲು ಹಿಡಿದು ಕಾಲೆತ್ತಿದಳು, ಆಗಲಿಲ್ಲ. ಇನ್ನೊಂದು ಕಾಲು ನೋಡಿದಳು. ಆಮೇಲೆ ನಗತೊಡಗಿದಳು. ಆ ನಗು ನನಗೆ ಗೊತ್ತಿತ್ತು. ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿದೆ.

ಅವನು ನಗಲಿಲ್ಲ. ಅವಳ ಕಾಲು, ಗಾಡಿಯ ಬಾಗಿಲು, ಎರಡನ್ನೂ ಒಂದು ಸಲ ನೋಡಿ, ಮಂಜುವಿಗೆ ಕೈ ಮುಗಿದ.

"ಬ್ಯಾಡ್ರಿ ಸರ. ನಮ್ಮಾಕಿಗೆ ಏರಾಕ ಆಗಂಗಿಲ್ಲ."

ಮಂಜು ಬಿಡಲಿಲ್ಲ. ಒಂದು ಮೆಟ್ಟಿಲು ಹಾಕಿಸಿದರಾಯಿತು, ಅಭ್ಯಾಸವಾಗುತ್ತೆ, ಗಾಡಿ ಓಡಿಸುವವರು ನೀವಲ್ಲವೇ ಎಂದೆಲ್ಲ ಹೇಳಿದ. ಆ ಹುಡುಗ ಹೆಂಡತಿಯ ಕೈಯಿಂದ ಹೆಲ್ಮೆಟ್ ತೆಗೆದುಕೊಂಡ.

"ನಾ ಒಬ್ಬನ ಅಡ್ಡಾಡೂದಿದ್ರ ಬೈಕ್ ಐತ್ರಿ," ಎಂದ.

ಅವರಿಬ್ಬರೂ ಬೈಕಿನಲ್ಲಿ ಹೊರಟುಹೋದರು. ಅವಳು ಹಿಂದೆ ಕೂತು ಏನೋ ಹೇಳುತ್ತಿದ್ದಳು, ಅವನು ತಲೆ ಆಡಿಸುತ್ತಿದ್ದ. ತಿರುವು ದಾಟುವವರೆಗೆ ನೋಡಿದೆ.

ಮಂಜು ಬಂದು ಜಗಲಿಯ ಮೇಲೆ ನನ್ನ ಪಕ್ಕದಲ್ಲಿ ಕೂತ. ನಾನು ಕೊಟ್ಟ ಕಾಫಿಯನ್ನು ಎರಡು ಗುಟುಕಿಗೆ ಮುಗಿಸಿ ತಲೆಯಾಡಿಸಿದ.

"ನೋಡಕ್ಕ, ಎಂಥೆಂಥ ಜನ ಇರ್ತಾರೆ. ಗಾಡಿ ಎಲ್ಲಾ ಒಪ್ಪಿಗೆ ಅಂತೆ. ಹೆಂಡ್ತಿ ಹತ್ತಕ್ಕಾಗಲ್ಲ ಅಂತ ಬಿಟ್ಟು ಹೋದ," ಎಂದು ನಕ್ಕ.

ನಾನೂ ನಗುತ್ತೇನೆ ಎಂದು ನನ್ನ ಕಡೆ ನೋಡಿದ. ನಾನು ಅವನ ಮುಖವನ್ನು ಚೆನ್ನಾಗಿ ನೋಡಿದೆ. ಯಡಿಯೂರು ಕೆರೆಯ ಹತ್ತಿರ ಬಾಡಿದ್ದ ಮುಖ ಅದೇ, ಹುಡುಕಿದರೆ ಎಲ್ಲಾದರೂ ಒಂದು ಮೂಲೆಯಲ್ಲಿ ಆ ದಿನ ಸಿಕ್ಕೀತೇನೋ ಎಂದು ನೋಡಿದೆ. ಸಿಗಲಿಲ್ಲ. ಅಲ್ಲಿ ಗಾಡಿ ಮಾರಾಟವಾಗದ ಬೇಸರ ಬಿಟ್ಟರೆ ಬೇರೇನೂ ಇರಲಿಲ್ಲ.

ಇನ್ನೊಂದು ಸ್ವಲ್ಪ ಕಾಫಿ ಹಾಕಲೇ ಎಂದು ಕೇಳಿದೆ.

"ಅರ್ಧ ಲೋಟ. ಸಕ್ಕರೆ ಸ್ವಲ್ಪ ಮುಂದಾಗಿರ್ಲಿ," ಎಂದ.

ಹಾಕಿಕೊಟ್ಟೆ.